ಬಿಸಿಲೂರಿಗೆ ಚಿಳ್ಳೆಪಿಳ್ಳೆಗಳ ಸವಾರಿ

ಏಪ್ರಿಲ್‌ನಲ್ಲಿ ಹಂಪಿಗೆ ಹೊರಟಿದ್ದೇವೆ ಅಂದರೆ ಸಾಕು, ಕೇಳಿದವರ ಹುಬ್ಬು ಮೇಲೇರುತ್ತದೆ. ಜೊತೆಗೆ ಎರಡು ದಾಟಿದ ಒಂದು ಹುಡುಗಿ, ಈಗಷ್ಟೇ ತಪ್ಪು ಹೆಜ್ಜೆ ಹಾಕುವ ಇನ್ನೊಂದು ಕೂಸು ಇದೆ ಅಂದರಂತೂ ಮುಗಿದೇ ಹೋಯಿತು. "ಅಯ್ಯೋ, ಆ ಕಡೆ ಇರೋದೇ ಎರಡು ಕಾಲ ಕಣ್ರೀ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ!" ಅನ್ನುವ ಹಳೇ ಮಾತನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಹೇಳಲಿ ಬಿಡಿ. ನಾನು ಹೊಸಪೇಟೆ ಪಕ್ಕದ ಹಳ್ಳಿಯಲ್ಲಿ ಬೆಳೆದವಳು, ಆ ಬಿಸಿಲು ನನಗೆ ತವರಿನ ಕಡೆಯದು. ಅದಕ್ಕೂ ಒಂದು ವೇಳೆ ಅಂತ ಇದೆ. ಬೆಳಗ್ಗೆ ಇಷ್ಟೊತ್ತಿನವರೆಗೆ ನಿಮ್ಮದು, ಮಧ್ಯಾಹ್ನ ನನ್ನದು, ಸಂಜೆ ಮತ್ತೆ ನಿಮ್ಮದು ಅಂತ ಅದು ಮೊದಲೇ ಹಂಚಿಟ್ಟಿರುತ್ತದೆ. ಅದರ ಪಾಲಿಗೆ ನಾವು ಕೈ ಹಾಕದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಆರಾಮಾಗಿ ಓಡಾಡಬಹುದು, ಅಲ್ವಾ?

"ಚಳಿಗಾಲದಲ್ಲಿ ಹೋಗಬಾರದಾ, ಹಂಪಿ ಉತ್ಸವನೂ ಆಗುತ್ತೆ" ಅನ್ನುತ್ತಾರೆ. ಹೋಗಬಹುದು. ಆದರೆ ದೊಡ್ಡ ಮೊಮ್ಮಗನಿಗೆ ಶಾಲೆ, ಅವನಪ್ಪನಿಗೆ ರಜೆ ಸಿಗೋದಿಲ್ಲ, ಮಗಳಿಗೆ ಆಫೀಸಿನಲ್ಲಿ ಅದೇ ಹೊತ್ತಿಗೆ ಏನೋ ಗಡಿಬಿಡಿ. ಎಲ್ಲರ ಜಾತಕ ಕೂಡಿಬರುವುದು ಪರೀಕ್ಷೆ ಮುಗಿದ ಮೇಲೆ ಬರುವ ಎರಡನೇ ಶನಿವಾರವೇ. ಚಿಕ್ಕವಕ್ಕೆ ಶಾಲೆಯೂ ಇಲ್ಲ, ರಜೆಯೂ ಇಲ್ಲ, ದೊಡ್ಡವರ ಗುಂಪಿನ ಜೊತೆ ಅವೂ ಹೊರಡುತ್ತವೆ. ನಮ್ಮಲ್ಲಿ ಮುಕ್ಕಾಲು ಪಾಲು ಮನೆಗಳ ಪ್ರವಾಸ ಬೇಸಿಗೆಗೆ ಬಂದು ನಿಲ್ಲುವುದು ಹೀಗೆಯೇ. ಊಟಿ, ಕೊಡಗಿಗೆ ಹೋಗೋಣ ಅಂದರೆ ಆ ಘಾಟಿಯ ತಿರುವುಗಳಲ್ಲಿ ಚಿಕ್ಕದು ಕುಡಿದ ಹಾಲೆಲ್ಲ ಕಕ್ಕಿ ಹಾಕುತ್ತದೆ. ಹಂಪಿಗಾದರೆ ರೈಲಿದೆ.

ರೈಲು ಅಂದೆನಲ್ಲ, ಹಂಪಿ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿ ಬೆಂಗಳೂರಲ್ಲಿ ಹತ್ತಿ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿಯಬಹುದು. ಪುಟ್ಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಾಹನ ನನಗಂತೂ ಗೊತ್ತಿಲ್ಲ. ಬಿಸಿಲಿನ ರಸ್ತೆಯೆಲ್ಲ ನಿದ್ದೆಯಲ್ಲೇ ಕಳೆದುಹೋಗುತ್ತದೆ. ನಿದ್ದೆ ಅಂತ ನಾನು ಹೇಳುತ್ತಿರುವುದು ಬೇರೆಯವರ ನಿದ್ದೆ. ನಮ್ಮ ಪುಟ್ಟಿಗೆ ಬರ್ತಿನ ತಲೆಯ ಹತ್ತಿರ ಇರುವ ಆ ಸಣ್ಣ ದೀಪದ ಗುಂಡಿ ಸಿಕ್ಕಿತು. ಟಿಕ್, ಬೆಳಕು. ಟಿಕ್, ಕತ್ತಲೆ. ಪ್ರತಿ ಸಲ ಬೆಳಕು ಬಂದಾಗಲೂ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ "ಅಜ್ಜಿ ಇದಾಳೆ, ತಾತ ಇದಾರೆ" ಅಂತ ಹಾಜರಿ ಹಾಕುವಳು. ಹಿಂದೂಪುರ ದಾಟುವವರೆಗೂ ಈ ಹಾಜರಿ ನಡೆದೇ ಇತ್ತು. ಎದುರು ಬರ್ತಿನ ಹಿರಿಯರೊಬ್ಬರು ಮುಸುಕಿನೊಳಗಿಂದಲೇ "ನಾನೂ ಇದೀನಮ್ಮ" ಅಂದರು. ಆಮೇಲೆ ಅವರನ್ನೂ ಸೇರಿಸಿಕೊಂಡೇ ಎಣಿಸಿದಳು.

ಗಂಟುಮೂಟೆಯ ವಿಷಯ ಹೇಳಬೇಕು. ಮಗಳು ದೊಡ್ಡ ಚೀಲದ ತುಂಬ ಹೊಸ ಅಂಗಿ ತುಂಬಿದ್ದಳು, ಫೋಟೋಗೆ ಬೇಕಂತೆ. ಬೇಡ ಅನ್ನಲಿಲ್ಲ. ನಾನು ನನ್ನ ಪಾಡಿಗೆ ಅವರ ತಾತನ ಹಳೇ ಪಂಚೆ ಎರಡು ತುಂಡು ಮಾಡಿ ಇಟ್ಟುಕೊಂಡೆ. ತೊಳೆದು ತೊಳೆದು ನವೆದುಹೋದ ಪಂಚೆಯಷ್ಟು ಉಪಕಾರಿ ವಸ್ತು ಇನ್ನೊಂದಿಲ್ಲ. ಒದ್ದೆ ಮಾಡಿ ಹಿಂಡಿದರೆ ಮೈ ಒರೆಸಲು, ಮಡಿಸಿದರೆ ತಲೆಗೆ, ಹಾಸಿದರೆ ಮಲಗಿಸಲು. ಹತ್ತಿ ಬಟ್ಟೆ ಬಿಟ್ಟು ಜರಿ ಗಿರಿ ಹಾಕಿದಿರೋ, ಸಂಜೆಯೊಳಗೆ ಕುತ್ತಿಗೆ ಸುತ್ತ ಬೆವರುಸಾಲೆ. ಡೈಪರ್ ಕೂಡ ಮಧ್ಯಾಹ್ನ ಕೋಣೆಯಲ್ಲಿರುವಾಗ ಬಿಚ್ಚಿಬಿಡಬೇಕು. ಕೂಸಿನ ತೊಡೆಸಂದಿಗೂ ಸ್ವಲ್ಪ ಗಾಳಿ ಬೇಡವೇ? ಹಾಸಿಗೆ ಒದ್ದೆಯಾದರೆ ಆಯಿತು, ಪಂಚೆ ಇದೆಯಲ್ಲ.

ನಮ್ಮಜ್ಜಿ ಇದ್ದಿದ್ದರೆ ಇಷ್ಟು ಸಾಲದು ಅನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಜೇಬಿನಲ್ಲಿ ಈರುಳ್ಳಿ ಇಲ್ಲದೆ ಬಿಸಿಲಿಗೆ ಕಾಲಿಡುವ ಹಾಗೇ ಇಲ್ಲ. ನಮ್ಮ ಕಡೆ ಉಳ್ಳಾಗಡ್ಡಿ ಅನ್ನುತ್ತೇವೆ. ಶಾಲೆಗೆ ಹೋಗುವಾಗ ನನ್ನ ಲಂಗದ ಜೇಬಿನಲ್ಲಿ ಒಂದು ಕಡೆ ಬಳಪ, ಇನ್ನೊಂದು ಕಡೆ ಉಳ್ಳಾಗಡ್ಡಿ. ಸಂಜೆ ಅದನ್ನು ತೆಗೆದು ನೋಡಿ, ಬಾಡಿದ್ದರೆ "ನೋಡು, ನಿನ್ನ ಝಳ ಅದು ತಗೊಂತು" ಅನ್ನುವಳು. ಜೇಬಿನ ಈರುಳ್ಳಿ ಝಳ ಎಳೆದುಕೊಳ್ಳುವುದಿಲ್ಲ ಅಂತ ಈಗ ಗೊತ್ತು. ಆದರೆ ಆ ಈರುಳ್ಳಿ ಇಡುವ ನೆಪದಲ್ಲಿ ಅವಳು ದಿನಾ ನನ್ನ ಹಣೆ ಮುಟ್ಟುತ್ತಿದ್ದಳು, ನೀರು ಕುಡಿದೆಯಾ ಅಂತ ಕೇಳುತ್ತಿದ್ದಳು, ತಲೆಗೆ ಬಟ್ಟೆ ಇದೆಯಾ ನೋಡುತ್ತಿದ್ದಳು. ಈರುಳ್ಳಿ ಕೈಬಿಟ್ಟರೂ ಆ ಮೂರನ್ನು ನಾನು ಉಳಿಸಿಕೊಂಡಿದ್ದೇನೆ.

ಯಾಕೆ ಅಂದರೆ ಈ ಚಿಕ್ಕವಕ್ಕೆ ಬಾಯಾರಿಕೆ ಅಂತ ಹೇಳಲು ಬರುವುದಿಲ್ಲ. ಆಟದ ಗುಂಗಿನಲ್ಲಿ ಅದು ಅವಕ್ಕೆ ತಿಳಿಯುವುದೂ ಇಲ್ಲ. ದೊಡ್ಡವರಿಗಿಂತ ಅವರ ಮೈ ಬೇಗ ಕಾಯುತ್ತದೆ, ಬೆವರುವುದು ಕಡಿಮೆ. ಹಾಗಾಗಿ ಕೇಳುತ್ತಾ ಕೂರದೆ, ಹತ್ತು ಹೆಜ್ಜೆಗೊಂದು ಗುಟುಕು ಕುಡಿಸುತ್ತಲೇ ಇರಬೇಕು. ಕೊನೇ ಸಲ ಉಚ್ಚೆ ಹೊಯ್ದದ್ದು ಯಾವಾಗ ಅನ್ನುವುದರ ಮೇಲೆ ಒಂದು ಕಣ್ಣಿಡಬೇಕು. ಬಹಳ ಹೊತ್ತಾಗಿದ್ದರೆ, ಇಲ್ಲವೇ ಹಳದಿ ಗಾಢವಾಗಿದ್ದರೆ, ನೀರು ಸಾಲದು ಅಂತಲೇ. ಆರು ತಿಂಗಳೂ ತುಂಬದ ಹಸುಗೂಸಾದರೆ ಮಾತ್ರ ಎಂಥಾ ಸೆಕೆಯಲ್ಲೂ ನೀರು ಕುಡಿಸುವ ಹಾಗಿಲ್ಲ. ತಾಯಿಯ ಹಾಲನ್ನೇ ಪದೇ ಪದೇ ಕೊಡಬೇಕು, ತಾಯಿಗೆ ನೀರು ಕುಡಿಸಬೇಕು. ಓಆರ್‌ಎಸ್ ಪುಡಿ ಎರಡು ಪೊಟ್ಟಣ ಚೀಲದಲ್ಲಿರಲಿ. ಭೇದಿ ಶುರುವಾದರೆ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಬೆರೆಸಬೇಕು. ಚಿಕ್ಕ ಮಗು ತಾನೇ ಅಂತ ಲೋಟದ ನೀರಿಗೆ ಒಂದು ಚಿಟಿಕೆ ಹಾಕಿ ಕಣ್ಣಳತೆಯಲ್ಲಿ ಕಲಕಬಾರದು. ಉಳಿದದ್ದನ್ನು ಮರುದಿನಕ್ಕೆ ಇಡಬಾರದು. ನಮ್ಮ ಪುಟ್ಟಿಯಂತೂ ನೀರಿಗಿಂತ ಮಜ್ಜಿಗೆಗೆ ಬೇಗ ಬಾಯಿ ತೆರೆಯುತ್ತಾಳೆ. ಹೊಟೇಲಿನಲ್ಲಿ ಮೆಣಸಿನಕಾಯಿ ಹಾಕದ ಮಜ್ಜಿಗೆ ಕೇಳಿದರೆ ಆ ಊರಿನವರು ಒಂದು ಕ್ಷಣ ಅನುಮಾನದಿಂದ ನೋಡುತ್ತಾರೆ, ಆಮೇಲೆ ಮಗುವಿಗೆ ಅಂತ ತಿಳಿದರೆ ಗಟ್ಟಿ ಮೊಸರನ್ನೇ ತಂದು ಕಡೆದು ಕೊಡುತ್ತಾರೆ.

ಶನಿವಾರ ಬೆಳಗ್ಗೆ ಇಳಿದದ್ದೇ ತಡ, ಅಳಿಯ ಮೊಬೈಲಿನಲ್ಲಿ ಬರೆದುಕೊಂಡ ಪಟ್ಟಿ ತೆಗೆದರು. ವಿಠ್ಠಲ ದೇವಸ್ಥಾನ, ಕಮಲ ಮಹಲ್, ಮಹಾನವಮಿ ದಿಬ್ಬ, ಅಂಜನಾದ್ರಿ... ಅಂಜನಾದ್ರಿಗೆ 575 ಮೆಟ್ಟಿಲು! ಕಂಕುಳಲ್ಲಿ ಒಂದು ಕೂಸು ಇಟ್ಟುಕೊಂಡು? ಹನುಮಪ್ಪ ಹುಟ್ಟಿದ ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಈ ಮಕ್ಕಳೇ ಓಡಿ ಹತ್ತುವ ವಯಸ್ಸಿಗೆ ಬಂದಾಗ ಹೋದರಾಯಿತು ಅಂದೆ. ಒಪ್ಪಿದರು. ಇಡ್ಲಿ ತಿಂದು, ಕೋಣೆಗೆ ಹೋಗಿ, ಮಕ್ಕಳಿಗೆ ನೀರು ಹುಯ್ದು, ಎಲ್ಲರೂ ಮಲಗಿದೆವು. ಪ್ರವಾಸಕ್ಕೆ ಬಂದು ಮೊದಲು ಮಾಡಿದ ಕೆಲಸ ನಿದ್ದೆ. ಯಾರಿಗೇನು ನಷ್ಟವಾಯಿತು ಹೇಳಿ?

ಮಲಗುವ ಮೊದಲು ಕಿಟಕಿಗೆ ಒಂದು ಒದ್ದೆ ಪಂಚೆ ಕಟ್ಟಿದೆ. ಮಂಗಳೂರಲ್ಲಿ ಹುಟ್ಟಿದ ನಮ್ಮ ಸೊಸೆಗೆ ಇದು ಸೋಜಿಗ. "ಅತ್ತೆ, ನಮ್ಮಲ್ಲಿ ಹೀಗೆ ಕಟ್ಟಿದರೆ ಎರಡು ದಿನವಾದರೂ ಒಣಗೋದಿಲ್ಲ" ಅಂದಳು. ಅವಳು ಹೇಳಿದ್ದು ನಿಜ. ಅವಳ ತವರಿನ ಸೆಕೆ ಅಂದರೆ ಗಾಳಿಯ ತುಂಬಾ ನೀರು. ಮೈ ಬೆವರುತ್ತದೆ, ಆದರೆ ಬೆವರು ಆರುವುದಿಲ್ಲ, ಆರದಿದ್ದರೆ ತಂಪಿಲ್ಲ. ಹೊಸಪೇಟೆಯದು ಒಣ ಬಿಸಿಲು. ಒದ್ದೆ ಬಟ್ಟೆಯ ನೀರು ಆವಿಯಾಗುತ್ತಾ ಒಳಗೆ ಬರುವ ಗಾಳಿಯ ಬಿಸಿಯನ್ನು ತಾನು ಹೀರಿಕೊಳ್ಳುತ್ತದೆ. ಮಣ್ಣಿನ ಕೊಡದ ನೀರು ತಣ್ಣಗಾಗುವುದೂ ಹೀಗೆಯೇ, ಮೇಲ್ಮೈಯಲ್ಲಿ ಜಿನುಗಿ ಆರಿದಷ್ಟೂ ಒಳಗಿನದು ತಂಪು. ಬಯಲುಸೀಮೆಯ ಮನೆಮನೆಯಲ್ಲಿ ಗುಯ್ಯೆನ್ನುವ ಕೂಲರಿನ ಗುಟ್ಟೂ ಅಷ್ಟೇ. ಅದಕ್ಕೇ ಮಕ್ಕಳನ್ನು ಕಟ್ಟಿಕೊಂಡು ಬಿಸಿಲೂರಿಗೆ ಹೋಗುವ ಮೊದಲು ಅದು ಎಂಥ ಬಿಸಿಲು ಅಂತ ಕೇಳಬೇಕು ಅನ್ನುವುದು ನನ್ನ ವಾದ. ಮುರುಡೇಶ್ವರಕ್ಕೆ ಹೋದರೆ ಫ್ಯಾನಿನ ಗಾಳಿ, ನೆರಳು, ಮೇಲಿಂದ ಮೇಲೆ ಸ್ನಾನ. ಹಂಪಿಗೆ ಹೋದರೆ ಒದ್ದೆ ಬಟ್ಟೆ. ಒಂದರ ಮದ್ದು ಇನ್ನೊಂದಕ್ಕೆ ಅಷ್ಟಾಗಿ ನಾಟುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮಗು ಕಾರಿನಲ್ಲಿ ಮಲಗಿಬಿಟ್ಟಿದೆ, ಎಬ್ಬಿಸುವುದು ಬೇಡ, ಐದೇ ನಿಮಿಷ ದೇವರಿಗೆ ಕೈಮುಗಿದು ಬರೋಣ ಅಂತ ಬಾಗಿಲು ಮುಚ್ಚಿ ಹೋಗುವವರನ್ನು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಎರಡು ಬೆರಳು ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಬ್ಬಿಸಿ, ಅಳಲಿ, ಎತ್ತಿಕೊಂಡು ಹೋಗಿ. ತಳ್ಳುಗಾಡಿಯ ಮೇಲೆ ಬಿಸಿಲು ತಾಗದಿರಲಿ ಅಂತ ಬಟ್ಟೆ ಪೂರ್ತಿ ಹೊದಿಸುವುದೂ ಬೇಡ, ಒಳಗಿನ ಗಾಳಿ ಓಡಾಡದೆ ಇನ್ನಷ್ಟು ಕಾಯುತ್ತದೆ. ಹಂಪಿಯ ಹಾಸುಗಲ್ಲುಗಳ ಮೇಲೆ ಆ ಗಾಡಿ ಉರುಳುವುದೂ ಅಷ್ಟಕ್ಕಷ್ಟೇ. ಕೂಸು ಹೊರಲು ಸೀರೆಯ ಜೋಲಿಯೋ, ತಾತನ ಹೆಗಲೋ, ಅವೇ ವಾಸಿ. ಕಾರು ಹತ್ತಿಸುವಾಗ ಬೆಲ್ಟಿನ ಕಬ್ಬಿಣದ ಕೊಂಡಿಯನ್ನು, ಪಾರ್ಕಿನಲ್ಲಾದರೆ ಜಾರುಬಂಡೆಯ ತಗಡನ್ನು, ಮೊದಲು ನಮ್ಮ ಹಿಂಗೈಯಿಂದ ಮುಟ್ಟಿ ನೋಡಬೇಕು. ನಮಗೆ ಚುರುಕ್ ಅಂದರೆ ಅವಕ್ಕೆ ಬೊಬ್ಬೆಯೇ.

ಸಂಜೆ ಬಿಸಿಲು ಬಾಗಿದ ಮೇಲೆ ಹೊರಟೆವು. ಮೊದಲು ಬಡವಿಲಿಂಗ. ಪಕ್ಕದಲ್ಲಿ ಉಗ್ರ ನರಸಿಂಹ ಕೂತಿದ್ದಾನೆ, 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು, ಆರೂವರೆ ಮೀಟರಿಗೂ ಎತ್ತರ, ಆ ಕಣ್ಣು ಆ ಬಾಯಿ ನೋಡಿ ದೊಡ್ಡ ಮೊಮ್ಮಗನೇ ಎರಡು ಹೆಜ್ಜೆ ಹಿಂದೆ ಸರಿದ. ಪುಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಅವಳು ನೇರ ಬಡವಿಲಿಂಗದ ಗುಡಿಯ ಬಾಗಿಲಿಗೆ ಹೋದಳು. ಯಾಕೆ ಹೇಳಿ? ಒಳಗೆ ನೀರಿದೆ! ಕಾಲುವೆಯ ನೀರು ಹಾಯ್ದುಹೋಗುವಂತೆ ಕಟ್ಟಿರುವುದರಿಂದ ಲಿಂಗದ ಪೀಠ ನೀರೊಳಗೇ ನಿಂತಿದೆ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ನೀರಿನಲ್ಲಿ ಅಲ್ಲಾಡುವ ಬೆಳಕನ್ನೇ ನೋಡುತ್ತಾ, "ದೇವ್ರು ಸ್ನಾನ ಮಾಡ್ತಿದೆ, ಮುಗೀಲಿ" ಅಂದಳು. ದೇವರ ಸ್ನಾನ ಮುಗಿಯುವವರೆಗೂ ಅಲ್ಲಿಂದ ಏಳುವುದಿಲ್ಲವಂತೆ. ಬಂದವರೆಲ್ಲ ಅವಳ ತಲೆಯ ಮೇಲಿಂದಲೇ ಇಣುಕಿ ನೋಡಿ ಹೋದರು. ಒಳಗಿನಿಂದ ತಣ್ಣನೆ ಉಸಿರು ಬರುತ್ತಿತ್ತು. ಆ ಸಂಜೆ ಎಲ್ಲಿ ನಿಲ್ಲಬೇಕು ಅಂತ ಅವಳಿಗೆ ತಿಳಿದಷ್ಟು ನಮ್ಮ ಪಟ್ಟಿಗೆ ತಿಳಿದಿರಲಿಲ್ಲ.

ಆ ನೀರಿನ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ತುರ್ತಾ ಕಾಲುವೆ ಹಂಪಿಯ ಪಕ್ಕದಲ್ಲೇ ಹಾದು ಹೋಗುತ್ತದೆ, ಅದರ ಎರಡೂ ಕಡೆ ಬಾಳೆ ತೋಟ. ಕಲ್ಲುಬಂಡೆಗಳ ನಡುವಿನಿಂದ ಬಂದು ಆ ತೋಟದ ದಾರಿಗೆ ತಿರುಗಿದ ಕೂಡಲೇ ಮುಖಕ್ಕೆ ಬೇರೆಯದೇ ಗಾಳಿ ಬಡಿಯುತ್ತದೆ. ಅರಮನೆ ಬಿತ್ತು, ಪೇಟೆ ಬಿತ್ತು, ರಾಣಿಯ ಸ್ನಾನದ ಕೊಳ ಒಣಗಿತು, ಆದರೆ ಗದ್ದೆಗೆ ನೀರು ಹಾಯಿಸುವ ಕಾಲುವೆ ನಿಂತಿಲ್ಲ. ಕಟ್ಟಿದವರ ಕೈಗೆ ನಮಸ್ಕಾರ ಮಾಡಬೇಕು ಅಲ್ವಾ? ಚಿಕ್ಕ ಮಕ್ಕಳನ್ನು ಹಂಪಿಯಲ್ಲಿ ಎಲ್ಲಿ ಆಡಿಸಲಿ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ, ಬಾಳೆ ತೋಟದ ನೆರಳು ಹಿಡಿಯಿರಿ. ಕಾಲುವೆಯ ಅಂಚಿಗೆ ಮಾತ್ರ ಬಿಡಬೇಡಿ, ಕೈ ಹಿಡಿದೇ ಇರಿ.

ತೋಟ ಅಂದ ಮೇಲೆ ಬಾಳೆಹಣ್ಣು, ಬಾಳೆಹಣ್ಣು ಅಂದ ಮೇಲೆ ಕೋತಿ. ಕಿಷ್ಕಿಂಧೆಯಲ್ಲಿ ಅವುಗಳದ್ದೇ ರಾಜ್ಯಭಾರ, ನಾವು ನೆಂಟರು. ಮಗುವಿನ ಕೈಯಲ್ಲಿ ಹಣ್ಣು ಕೊಟ್ಟು ಬಯಲಲ್ಲಿ ನಿಲ್ಲಿಸುವ ಹಾಗಿಲ್ಲ. ಚೀಲದೊಳಗೇ ಸುಲಿದು, ತುಂಡು ಮಾಡಿ, ನೇರ ಬಾಯಿಗೆ. ನಮ್ಮ ಯಜಮಾನರು ಮೈಯೆಲ್ಲ ಕಣ್ಣಾಗಿ ಕಾವಲು ನಿಂತಿದ್ದರು. ಆದರೂ ಒಂದು ಮರಿಕೋತಿ ಬಂದು ಪುಟ್ಟಿಯ ಟೋಪಿಯನ್ನೇ ಎತ್ತಿಕೊಂಡು ಹೋಯಿತು, ಮಂಟಪದ ಸೂರಿನ ಮೇಲೆ ಕೂತು ಅದರ ದಾರವನ್ನು ಕಚ್ಚಿ ಕಚ್ಚಿ ರುಚಿ ನೋಡಿತು. ಟೋಪಿ ಹೋಯಿತಲ್ಲ ಅಂತ ನಮಗೆಲ್ಲ ಆತಂಕ. ಅವಳು ಚಪ್ಪಾಳೆ ತಟ್ಟಿ, "ಕೋತಿಗೆ ಬಿಸ್ಲು!" ಅಂತ ಒಪ್ಪಿಗೆ ಕೊಟ್ಟುಬಿಟ್ಟಳು. ಆಮೇಲೆ ಉಳಿದದ್ದೆಲ್ಲ ಪಂಚೆಯ ಮುಂಡಾಸು.

ಹೇಮಕೂಟಕ್ಕೆ ಸೂರ್ಯ ಮುಳುಗುವ ಹೊತ್ತಿಗೆ ಹೋಗಿದ್ದು. ಇಳಿಜಾರಾದ ದೊಡ್ಡ ಬಂಡೆ, ನಡುನಡುವೆ ಸಣ್ಣ ಗುಡಿಗಳು, ಮಕ್ಕಳು ಉರುಳಾಡಿಕೊಂಡು ಹತ್ತಲು ಹೇಳಿ ಮಾಡಿಸಿದ ಜಾಗ. ಒಂದೇ ತೊಂದರೆ, ಹೊತ್ತು ಮುಳುಗಿದರೂ ಆ ಕಲ್ಲು ಒಲೆಯಿಂದ ಇಳಿಸಿಟ್ಟ ರೊಟ್ಟಿ ಹಂಚಿನ ಹಾಗೆ ಕಾವು ಬಿಡುತ್ತಲೇ ಇರುತ್ತದೆ. ನಮಗೆ ಮುಖದ ಹತ್ತಿರ ತಂಗಾಳಿ ಬೀಸುತ್ತಿದ್ದರೆ, ಮೊಣಕಾಲೆತ್ತರದ ಮಗುವಿಗೆ ನೆಲದ ಬಿಸಿ ನೇರ ಮುಖಕ್ಕೆ. ಬಿಸಿಲಿಳಿಯಿತು ಅಂತ ನಾವು ಅಂದುಕೊಳ್ಳುವ ಹೊತ್ತು ಬೇರೆ, ಅವಕ್ಕೆ ನಿಜವಾಗಿ ಇಳಿಯುವ ಹೊತ್ತು ಬೇರೆ. ಅದಕ್ಕೇ ಸಂಜೆಗಿಂತ ನಸುಕು ಮೇಲು. ರಾತ್ರಿಯಿಡೀ ಕಲ್ಲು ಆರಿರುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಜಾತ್ರೆಗೆ ಹೊರಟ ಬಂಡಿಗಳು ಕೋಳಿ ಕೂಗುವ ಮೊದಲೇ ಊರು ಬಿಡುತ್ತಿದ್ದದ್ದು ಸುಮ್ಮನೆ ಅಲ್ಲ.

ಭಾನುವಾರ ನಸುಕಿಗೇ ನದಿಗೆ ಹೋದೆವು. ವಿರೂಪಾಕ್ಷನ ಗುಡಿಯ ಆನೆ ಲಕ್ಷ್ಮಿಗೆ ಬೆಳಗಿನ ಸ್ನಾನ ತುಂಗಭದ್ರೆಯಲ್ಲೇ. ನಾವು ಕಾದು ಕೂತೆವು. ಬಂತು ಲಕ್ಷ್ಮಿ, ಮೆಟ್ಟಿಲಿಳಿದು ನೀರಿಗೆ ಮೈ ಚೆಲ್ಲಿ ಮಗ್ಗುಲಾದಳು. ಮಾವುತ ತಿಕ್ಕುತ್ತಿದ್ದಾನೆ, ಸೊಂಡಿಲು ಮಾತ್ರ ನೀರಿನ ಮೇಲೆ. ದೊಡ್ಡವನು ಬಾಯಿ ತೆರೆದು ನೋಡುತ್ತಿದ್ದಾನೆ, ಸುತ್ತ ಹತ್ತಾರು ಮೊಬೈಲು. ನಮ್ಮ ಕೂಸು, ಅದೇ ತಪ್ಪು ಹೆಜ್ಜೆಯದು, ಆನೆಗೆ ಬೆನ್ನು ಹಾಕಿ ಕೂತಿತ್ತು. ಮೆಟ್ಟಿಲಿನ ಸಂದಿಯಲ್ಲಿ ಇರುವೆ ಸಾಲು. ಯಾರೋ ಚೆಲ್ಲಿದ ಒಂದು ಮಂಡಕ್ಕಿ ಕಾಳನ್ನು ನಾಲ್ಕು ಇರುವೆ ಸೇರಿ ಎಳೆಯುತ್ತಿವೆ, ಕಲ್ಲಿನ ಅಂಚಿಗೆ ಬಂದಾಗ ಕಾಳು ನಿಲ್ಲುತ್ತದೆ, ಒಂದು ಇರುವೆ ಮುಂದೆ ಹೋಗಿ ನೋಡಿ ಬರುತ್ತದೆ, ಮತ್ತೆ ಎಳೆಯುತ್ತವೆ. ಕೂಸಿನ ಬೆರಳು ಕಾಳಿನ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ, ಹಿಂದಕ್ಕೆ ಬರುತ್ತದೆ. ಮಗಳು "ಅಯ್ಯೋ ಆನೆ ನೋಡೋ, ಅದಕ್ಕೇ ಅಲ್ವಾ ಬಂದಿದ್ದು" ಅಂತ ಅವನ ಮುಖ ತಿರುಗಿಸಿದಳು. ಅವನು ಒಮ್ಮೆ ನೋಡಿ, ಹ್ಞೂಂ ಅಂದು, ಮತ್ತೆ ಇರುವೆಗೆ ಬಂದ. ಬಿಡು ಮಗಾ, ಆನೆ ಅಮ್ಮನಿಗೆ, ಇರುವೆ ನಿನಗೆ ಅಂದೆ. ಅಷ್ಟು ದೂರ ಹೋಗಿ ಇರುವೆ ನೋಡಿದ ಅಂತ ನೊಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಬೆಳಗಿನ ಹೊತ್ತು ಒಂದು ಇರುವೆಯನ್ನು ಅಷ್ಟು ಹೊತ್ತು ನೋಡಲು ನಾವು ಅವನನ್ನು ಬಿಟ್ಟಿದ್ದೇವೆಯೇ? ತಿಂಡಿ, ಸ್ನಾನ, ಡೇ ಕೇರು ಅಂತ ಎತ್ತಿಕೊಂಡು ಓಡುತ್ತೇವೆ. ಅಮ್ಮ, ಅಪ್ಪ, ಅಜ್ಜಿ, ತಾತ ಎಲ್ಲರೂ ಒಂದೇ ಮೆಟ್ಟಿಲ ಮೇಲೆ ಸುಮ್ಮನೆ ಕೂತದ್ದು ಅವನಿಗೆ ಇಲ್ಲೇ ಸಿಕ್ಕಿದ್ದು.

ಅಲ್ಲಿ ಹರಿಗೋಲಿನವರು ಕರೆದರು. ಪುಟಾಣಿಗಳ ಅಳತೆಯ ಜೀವರಕ್ಷಕ ಜಾಕೆಟ್ ಇಲ್ಲದೆ ಹತ್ತಿಸುವುದು ನನಗೆ ಒಪ್ಪಿಗೆಯಿಲ್ಲ, ಅಲ್ಲಿದ್ದವೆಲ್ಲ ದೊಡ್ಡವರದ್ದೇ. ದಡದಲ್ಲೇ ಕೂತು ನೀರುನಾಯಿ ಕಾಣುತ್ತದೇನೋ ಅಂತ ನೋಡಿದೆವು. ಹೊಳೆಯ ಈ ಪಾತ್ರ 2015ರಿಂದ ಅವುಗಳ ಸಂರಕ್ಷಣೆಗೆಂದೇ ಘೋಷಣೆಯಾಗಿದೆ. ಕಾಣಲಿಲ್ಲ. ಮೀನು ಮಾತ್ರ ಬೇಕಾದಷ್ಟು.

ಆಮೇಲೆ ಗುಡಿಯೊಳಗೆ. ಕಲ್ಲು ಇನ್ನೂ ಕಾದಿರಲಿಲ್ಲ, ಮಕ್ಕಳು ಬರಿಗಾಲಲ್ಲಿ ಪಟಪಟ ಓಡಿದವು. ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ, ನಿಮಗೆ ಗೊತ್ತಲ್ಲ, ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ರಾಜಗೋಪುರವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ದೊಡ್ಡವನಿಗೆ ಅವನಪ್ಪ ವಿವರಿಸಿದರು. ಬೆಳಕು ನೇರ ಗೆರೆಯಲ್ಲೇ ಹೋಗುತ್ತದೆ, ಗೋಪುರದ ತುದಿಯಿಂದ ಬಂದದ್ದು ಕಿಂಡಿ ದಾಟಿ ಕೆಳಕ್ಕೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ. ಕ್ಯಾಮೆರಾ ಒಳಗೆ ಆಗುವುದೂ ಇದೇ. ಪುಟ್ಟಿ ಈ ವಿವರಣೆಗೆ ಕಾಯಲಿಲ್ಲ. ಗೋಪುರ ತಲೆಕೆಳಗಾಗಿದೆಯಲ್ಲ, ಅದನ್ನು ನೆಟ್ಟಗೆ ನೋಡಬೇಕಾದರೆ ಏನು ಮಾಡಬೇಕು? ನೆಲಕ್ಕೆ ಎರಡೂ ಕೈಯೂರಿ, ಬಗ್ಗಿ, ಕಾಲುಗಳ ಸಂದಿಯಿಂದ ತಲೆ ತೂರಿಸಿ ನೋಡಿದಳು. "ಸರಿ ಆಯ್ತು!" ಅಂದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಹುಡುಗರೂ ಬಗ್ಗಿದರು, ಅವರ ಅಪ್ಪಂದಿರಲ್ಲಿ ಒಬ್ಬರೂ ಬಗ್ಗಿದರು. ಇಷ್ಟು ವರ್ಷದಲ್ಲಿ ಅದನ್ನು ನೋಡಲು ಇಂಥ ಸರಳ ದಾರಿ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ ನೋಡಿ.

ಬಿಸಿಲು ಚುರುಗುಟ್ಟುವ ಮೊದಲೇ ಕೋಣೆ ಸೇರಿ ಮತ್ತೆ ಮೊಸರನ್ನ, ಮತ್ತೆ ಒದ್ದೆ ಪಂಚೆ, ಮತ್ತೆ ನಿದ್ದೆ. ದಾರಿಯಲ್ಲಿ ತಾಟಿನಿಂಗು ಸಿಕ್ಕಿತ್ತು. ಹೊರಗಿನ ಸಿಪ್ಪೆ ಬಿಡಿಸಿ, ಆ ನೀರು ತುಂಬಿದ ನುಣುಪಿನ ಎಳೆಕಾಯನ್ನು ಕೈಯಲ್ಲಿ ಹಿಡಿಯುವುದೇ ಒಂದು ಸುಖ. ಚಿಕ್ಕವಕ್ಕೆ ಗಂಟಲಿಗೆ ಜಾರದ ಹಾಗೆ ಚೆನ್ನಾಗಿ ಹಿಸುಕಿ ಕೊಟ್ಟೆ. ಕೂಸು ಮುಖ ಹುಳ್ಳಗೆ ಮಾಡಿತು, ಪುಟ್ಟಿ ಇನ್ನೂ ಬೇಕು ಅಂದಳು.

ಸಂಜೆಗೆ ಕರಡಿ ನೋಡಲು ದರೋಜಿಗೆ ಹೋಗೋಣವೇ ಅಂತ ಮಾತು ಬಂತು. ದೊಡ್ಡವನು ಇವರಷ್ಟೇ ಇದ್ದಾಗ ಅವನನ್ನು ಕರೆದುಕೊಂಡು ಹೋಗಿದ್ದು ನೆನಪಾಯಿತು. 1994ರಲ್ಲಿ ಮಾಡಿದ ಕರಡಿಧಾಮ ಅದು. ವೀಕ್ಷಣಾ ಗೋಪುರದಲ್ಲಿ ನಾವು ಕೂರಬೇಕು, ಎದುರಿನ ಬಂಡೆಗಳಿಗೆ ಅರಣ್ಯದವರು ಬೆಲ್ಲದ ಪಾಕ ಸವರಿರುತ್ತಾರೆ, ಹೊತ್ತು ಇಳಿದಂತೆ ಕರಡಿಗಳು ಬಂದು ನೆಕ್ಕುತ್ತವೆ. ಬೇಕಾದದ್ದು ಒಂದೇ, ಮೌನ. ಆ ವಯಸ್ಸಿನ ಮಗುವಿನಿಂದ ಮೌನ! ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ, ದೂರದಲ್ಲಿ ಕರಿಯ ಉಂಡೆಯೊಂದು ಅಲ್ಲಾಡಿತು, ಇವನು ಗಟ್ಟಿಯಾಗಿ "ಬಾಯೋ ಕರಡಿ, ಊಟಕ್ಕೆ ಬಾ!" ಅಂದ. ಕರಡಿಗೆ ಕರೆ ಕೇಳಿಸಿತೋ ಏನೋ, ತಲೆ ಎತ್ತಿ ನೋಡಿ, ಆಮೇಲೆ ಬಂದೇ ಬಂತು. ಹತ್ತಿರ ಕೂತಿದ್ದ ಫೋಟೋದವರು ಕೂಡ ನಕ್ಕರು. ಈ ಸಲ ಇಬ್ಬರನ್ನು ಸುಮ್ಮನಿರಿಸುವ ಶಕ್ತಿ ಯಾರಿಗೂ ಇರಲಿಲ್ಲ, ರಾತ್ರಿ ರೈಲೂ ಇತ್ತು. ವಿಠ್ಠಲನ ಗುಡಿಯೇ ಸಾಕು ಅಂತಾಯಿತು.

ಅಲ್ಲಿಗೆ ಗಾಡಿ ನಿಲ್ಲಿಸುವ ಜಾಗದಿಂದ ಬ್ಯಾಟರಿ ವಾಹನ. ದೊಡ್ಡವರಿಗೆ ಕಲ್ಲಿನ ರಥ ಮುಖ್ಯ, ಚಿಕ್ಕವಕ್ಕೆ ಆ ಶಬ್ದವಿಲ್ಲದ ಗಾಡಿಯೇ ಮುಖ್ಯ. ಆದರೆ ರಥದ ಎದುರು ಒಂದು ಚಂದ ನಡೆಯಿತು. ಅಳಿಯ 50 ರೂಪಾಯಿಯ ನೋಟು ತೆಗೆದು ಹಿಂಬದಿ ತಿರುಗಿಸಿ ಪುಟ್ಟಿಗೆ ತೋರಿಸಿದರು. ಅವಳು ನೋಟು ನೋಡಿದಳು, ರಥ ನೋಡಿದಳು, ಮತ್ತೆ ನೋಟು. ಚಕ್ರದ ಮೇಲೆ ಬೆರಳಿಟ್ಟು "ಇದು", ಎದುರಿನ ಚಕ್ರಕ್ಕೆ ಬೆರಳು ಮಾಡಿ "ಅದು". ಆನೆಯ ಮೇಲೆ "ಇದು", "ಅದು". ಹೀಗೆ ಒಂದೊಂದೇ ಸರಿಹೊಂದಿಸಿ, ಕೊನೆಗೆ ನೋಟನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡಳು. ಯಾರು ಕೇಳಿದರೂ ಕೊಡಲಿಲ್ಲ. ರೈಲಿನಲ್ಲಿ ಟೀ ಮಾರುವ ಹುಡುಗನಿಗೆ ಚಿಲ್ಲರೆ ಬೇಕಾಗಿತ್ತು, ಆಗಲೂ ಕೊಡಲಿಲ್ಲ. "ಅದು ಗಾಡಿ" ಅಂತ ಹಟ.

ಪಕ್ಕದ ಮನೆಯವರೇ, ನಿಮ್ಮ ಸೊಸೆ ಮೇ ತಿಂಗಳಲ್ಲಿ ಮಗುವನ್ನು ಕರೆದುಕೊಂಡು ಬಾದಾಮಿ ಕಡೆ ಹೋಗಬೇಕು ಅಂತಿದ್ದಳಲ್ಲ, ಹೋಗಲಿ ಬಿಡಿ, ತಡೆಯಬೇಡಿ. ಕೋಣೆ ಹಿಡಿಯುವಾಗ ಕೂಲರ್ ಇದೆಯಾ, ರಾತ್ರಿ ಕರೆಂಟ್ ಹೋದರೆ ಏನು ವ್ಯವಸ್ಥೆ ಅಂತ ಮೊದಲು ಕೇಳಲಿ. ಗುಹೆಗಳನ್ನು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನೋಡಿಬಿಡಲಿ, ಬನಶಂಕರಿಯಲ್ಲಿ ರೊಟ್ಟಿ ಮಾರುವ ಹೆಣ್ಣುಮಕ್ಕಳ ಹತ್ತಿರ ಮೊಸರು ತೆಗೆದುಕೊಳ್ಳಲಿ. ನಮ್ಮ ಐದು ಲೀಟರಿನ ನೀರಿನ ಜಗ್ಗು ಇದೆ, ಬೆಳಗ್ಗೆ ತುಂಬಿದರೆ ಸಂಜೆವರೆಗೆ ತಣ್ಣಗಿರುತ್ತದೆ. ಕಾಂಪೌಂಡ್ ಮೇಲಿಂದಲೇ ಕೊಡುತ್ತೇನೆ, ಮುಚ್ಚಳ ಸ್ವಲ್ಪ ಎಡಕ್ಕೆ ತಿರುಗಿಸಿ ಒತ್ತಬೇಕು ಅಂತ ಹೇಳಿ, ಇಲ್ಲದಿದ್ದರೆ ಸೋರುತ್ತದೆ.